ಪೋಲೀಸ್ ಶಿಕ್ಷಣದಲ್ಲಿ ಸಾಮೋಪಾಯ: ನ್ಯೂಯಾರ್ಕಿನಿಂದ ಮೆಂಫಿಸ್‌ವರೆಗೆ (೧೯೬೭–೧೯೮೮)

೧

ರಾಜನೀತಿಯನ್ನು ನಿರೂಪಿಸುವ ನಮ್ಮ ಪ್ರಾಚೀನ ಗ್ರಂಥಗಳು ಸಾಮ, ದಾನ, ಭೇದ, ದಂಡ ಎಂಬ ನಾಲ್ಕು ಉಪಾಯಗಳನ್ನು ಹೇಳುತ್ತವೆ. ಈ ಕ್ರಮದಲ್ಲಿ ಸಾಮಕ್ಕೆ ಮೊದಲ ಸ್ಥಾನ, ದಂಡಕ್ಕೆ ಕೊನೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಆಧುನಿಕ ರಾಜ್ಯಗಳು ಪೋಲೀಸ್ ವ್ಯವಸ್ಥೆಯನ್ನು ಕಟ್ಟಿದಾಗ, ಲಂಡನ್ನಿನಲ್ಲಿ ೧೮೨೯ರಲ್ಲಿ, ನಮ್ಮ ದೇಶದಲ್ಲಿ ೧೮೬೧ರ ಶಾಸನದ ಮೂಲಕ, ದಂಡವನ್ನು ಒಂದು ಇಲಾಖೆಗೆ ವಹಿಸಿಕೊಟ್ಟುವು. ಸಾಮವನ್ನು ಯಾರಿಗೂ ವಹಿಸಲಿಲ್ಲ. ಕವಾಯತು, ಕಾನೂನು, ಆಯುಧಪ್ರಯೋಗ ಇವುಗಳಿಗೆ ಪಾಠಕ್ರಮವು ಏರ್ಪಟ್ಟಿತು. ತನ್ನ ಕೊರಳಿಗೆ ತಾನೇ ಕತ್ತಿ ಹಿಡಿದು ನಿಂತವನೊಡನೆ ಮೊದಲ ಮಾತನ್ನು ಹೇಗೆ ಆಡಬೇಕೆಂಬುದು ಮಾತ್ರ ಆಯಾ ಪೇದೆಯ ಸ್ವಭಾವಕ್ಕೂ ಆ ಹೊತ್ತಿನ ಅವನ ತಾಳ್ಮೆಗೂ ಬಿಟ್ಟ ವಿಷಯವಾಗಿ ಉಳಿಯಿತು.

ಈ ಕೊರತೆಯನ್ನು ತುಂಬುವ ಪ್ರಯತ್ನವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ನಡೆಯಿತು. ಅದರಲ್ಲಿ ಮೂರು ಘಟ್ಟಗಳನ್ನು ಗುರುತಿಸಬಹುದು. ೧೯೬೭ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಕೌಟುಂಬಿಕ ಕಲಹಗಳ ವಿಷಯವಾಗಿ, ೧೯೭೩ರಲ್ಲಿ ಅದೇ ನಗರದಲ್ಲಿ ಒತ್ತೆಯಾಳುಗಳ ವಿಷಯವಾಗಿ, ೧೯೮೮ರಲ್ಲಿ ಟೆನೆಸ್ಸೀ ಸಂಸ್ಥಾನದ ಮೆಂಫಿಸ್ ನಗರದಲ್ಲಿ ಮಾನಸಿಕ ಅಸ್ವಸ್ಥರ ವಿಷಯವಾಗಿ ಪೋಲೀಸರಿಗೆ ವಿಶೇಷ ಶಿಕ್ಷಣವನ್ನು ಕೊಡಲಾಯಿತು. ಈ ಚರಿತ್ರೆಯನ್ನು ಸಾಮಾನ್ಯವಾಗಿ ಪಾಠಕ್ರಮದ ಚರಿತ್ರೆಯಾಗಿ ಬರೆಯುವುದು ರೂಢಿಯಾಗಿದೆ: ಇಷ್ಟು ಗಂಟೆಗಳ ಶಿಕ್ಷಣ, ಇಂಥ ವಿಷಯಗಳು, ಇಷ್ಟು ಮಂದಿ ಶಿಕ್ಷಿತರು ಎಂಬ ಧಾಟಿಯಲ್ಲಿ. ನಮ್ಮ ಅಭಿಪ್ರಾಯದಲ್ಲಿ ಈ ನಿರೂಪಣೆಯು ಅಪೂರ್ಣವಾದುದು. ಮಾತಿನ ವಿದ್ಯೆಯು ೧೯೭೩ರ ಹೊತ್ತಿಗೇ ಬಹುಮಟ್ಟಿಗೆ ಸಿದ್ಧವಾಗಿತ್ತು. ಆ ಮೇಲೆ ಅದು ಎಲ್ಲಿ ಫಲಿಸಿತು, ಎಲ್ಲಿ ಫಲಿಸಲಿಲ್ಲ ಎಂಬುದನ್ನು ನಿರ್ಧರಿಸಿದ್ದು, ಮಾತು ಮುಗಿದ ತರುವಾಯ ಆ ಮನುಷ್ಯನನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬ ಪ್ರಶ್ನೆ. ಇದನ್ನು ಸಾಧಾರವಾಗಿ ತೋರಿಸುವುದೇ ಈ ಲೇಖನದ ಉದ್ದೇಶ.

ಪರಿಭಾಷೆಯ ವಿಷಯದಲ್ಲಿ ಒಂದು ಮಾತು. ಇಂಗ್ಲಿಷಿನ ‘ಕ್ರೈಸಿಸ್’ ಎಂಬುದು ನಿರ್ಣಯ ಎಂಬರ್ಥದ ಗ್ರೀಕ್ ಪದದಿಂದ ಬಂದುದು. ಗ್ರೀಕ್ ವೈದ್ಯರು ರೋಗವು ಗುಣದ ಕಡೆಗೋ ಮರಣದ ಕಡೆಗೋ ತಿರುಗುವ ಘಳಿಗೆಯನ್ನು ಈ ಪದದಿಂದ ಸೂಚಿಸುತ್ತಿದ್ದರು. ನಾವು ಇಲ್ಲಿ ‘ಬಿಕ್ಕಟ್ಟು’ ಎಂಬ ಪದವನ್ನು ಬಳಸುವಾಗ ಈ ತಿರುವಿನ ಅರ್ಥವನ್ನೂ ಓದುಗರು ಸೇರಿಸಿಕೊಳ್ಳಬೇಕೆಂದು ಕೋರುತ್ತೇವೆ.

೨

ಬಿಕ್ಕಟ್ಟಿನಲ್ಲಿರುವ ಮನಸ್ಸನ್ನು ಕುರಿತ ಶಾಸ್ತ್ರೀಯ ವಿಚಾರವು ಪೋಲೀಸರಿಂದ ಹುಟ್ಟಿದುದಲ್ಲ. ೧೯೪೨ರ ನವೆಂಬರ್ ೨೮ರಂದು ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ವಿನೋದಮಂದಿರದಲ್ಲಿ ಬೆಂಕಿ ಬಿದ್ದು ೪೯೨ ಮಂದಿ ಮಡಿದರು. ಬದುಕುಳಿದವರನ್ನೂ ಮೃತರ ಬಂಧುಗಳನ್ನೂ ಶುಶ್ರೂಷಿಸಿದ ಮನೋವೈದ್ಯ ಎರಿಕ್ ಲಿಂಡಮನ್ ತೀವ್ರಶೋಕದ ಲಕ್ಷಣಗಳನ್ನು ಕುರಿತು ೧೯೪೪ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದನು. ಅವನ ಸಹೋದ್ಯೋಗಿಯಾಗಿದ್ದ ಜೆರಾಲ್ಡ್ ಕ್ಯಾಪ್ಲನ್ ೧೯೬೪ರ ತನ್ನ ಗ್ರಂಥದಲ್ಲಿ ಇದನ್ನು ವಿಸ್ತರಿಸಿ, ಬಿಕ್ಕಟ್ಟು ಅಲ್ಪಕಾಲದ್ದು, ಆ ಅವಧಿಯಲ್ಲಿ ಮನುಷ್ಯನು ಇತರರ ಪ್ರಭಾವಕ್ಕೆ ಹೆಚ್ಚು ತೆರೆದುಕೊಂಡಿರುತ್ತಾನೆ, ಆದಕಾರಣ ಆಗ ಸಿಕ್ಕ ಸ್ವಲ್ಪ ನೆರವೂ ಮುಂದೆ ದೊರೆಯುವ ಬಹಳ ನೆರವಿಗಿಂತ ಹೆಚ್ಚಿನ ಫಲವನ್ನು ಕೊಡಬಲ್ಲುದು ಎಂದು ಪ್ರತಿಪಾದಿಸಿದನು. ಇದರಿಂದ ಒಂದು ಪ್ರಶ್ನೆ ಸಹಜವಾಗಿಯೇ ಎದ್ದಿತು. ಆ ಘಳಿಗೆಯಲ್ಲಿ ಮನೆಯ ಬಾಗಿಲಿಗೆ ಬರುವವನು ವೈದ್ಯನಲ್ಲ, ಹಾಗಾದರೆ ಯಾರು?

ಉತ್ತರವನ್ನು ಸಮಾಜಶಾಸ್ತ್ರಜ್ಞರು ಒದಗಿಸಿದರು. ೧೯೬೫ರಲ್ಲಿ ಎಲೇನ್ ಕಮಿಂಗ್ ಮತ್ತು ಅವಳ ಸಹಲೇಖಕರು ಒಂದು ನಗರದ ಪೋಲೀಸ್ ಕಚೇರಿಗೆ ಬಂದ ದೂರವಾಣಿ ಕರೆಗಳನ್ನು ವಿಂಗಡಿಸಿ ನೋಡಿದಾಗ, ಸುಮಾರು ಅರ್ಧದಷ್ಟು ಕರೆಗಳು ಅಪರಾಧಕ್ಕೆ ಸಂಬಂಧಪಟ್ಟಿರದೆ, ಮನೆಜಗಳ, ಕಾಯಿಲೆ, ಕಾಣೆಯಾದ ಮಗು, ಭ್ರಮೆಗೊಳಗಾದ ನೆರೆಯವನು ಮುಂತಾದ ಕಷ್ಟಗಳಿಗೆ ನೆರವು ಕೋರಿದ ಕರೆಗಳೆಂದು ಕಂಡುಬಂದಿತು. ರಾತ್ರಿಯ ಯಾವ ಹೊತ್ತಿನಲ್ಲಾದರೂ ಕರೆದರೆ ಬರುವ, ಶುಲ್ಕವನ್ನು ಕೇಳದ ಏಕೈಕ ಸರಕಾರಿ ನೌಕರನೆಂದರೆ ಪೋಲೀಸಿನವನು. ಆದುದರಿಂದ ಬಡವರ ಬಿಕ್ಕಟ್ಟುಗಳೆಲ್ಲ ಅವನ ಪಾಲಿಗೆ ಬಂದುವು.

ಇದೇ ಕಾಲದಲ್ಲಿ ಇನ್ನೊಂದು ಮಹತ್ತರ ಬದಲಾವಣೆ ನಡೆಯುತ್ತಿತ್ತು. ಅಮೆರಿಕದ ಸಂಸ್ಥಾನಗಳು ನಡೆಸುತ್ತಿದ್ದ ಮಾನಸಿಕ ಆಸ್ಪತ್ರೆಗಳಲ್ಲಿ ೧೯೫೫ರಲ್ಲಿ ಸುಮಾರು ೫,೫೯,೦೦೦ ಒಳರೋಗಿಗಳಿದ್ದರು. ಕ್ಲೋರ್‌ಪ್ರೊಮಝೀನ್ ಎಂಬ ಔಷಧಿಯು ೧೯೫೪ರಲ್ಲಿ ಬಳಕೆಗೆ ಬಂದ ಮೇಲೆ ಅನೇಕರನ್ನು ಮನೆಗೆ ಕಳುಹಿಸುವುದು ಸಾಧ್ಯವಾಯಿತು. ೧೯೬೩ರಲ್ಲಿ ಅಧ್ಯಕ್ಷ ಕೆನಡಿ ಸಹಿಮಾಡಿದ ಶಾಸನವು ಊರೂರುಗಳಲ್ಲಿ ಮಾನಸಿಕ ಆರೋಗ್ಯ ಕೇಂದ್ರಗಳನ್ನು ತೆರೆಯುವ ಯೋಜನೆಯನ್ನು ಹಾಕಿತು. ಆಸ್ಪತ್ರೆಗಳನ್ನು ಬರಿದುಮಾಡುವ ಕೆಲಸವು ಶೀಘ್ರವಾಗಿ ನಡೆಯಿತು. ೧೯೮೦ರ ವೇಳೆಗೆ ಒಳರೋಗಿಗಳ ಸಂಖ್ಯೆಯು ಮೊದಲಿನ ಕಾಲು ಭಾಗದಷ್ಟಕ್ಕೆ ಇಳಿದಿತ್ತು. ಹೊಸ ಕೇಂದ್ರಗಳಾದರೋ ಯೋಜಿಸಿದ್ದರ ಅರ್ಧದಷ್ಟೂ ಕಟ್ಟಲ್ಪಡಲಿಲ್ಲ. ಹಳೆಯ ಬಾಗಿಲು ಮುಚ್ಚಿತು, ಹೊಸದು ತೆರೆಯಲಿಲ್ಲ. ಈ ಎರಡರ ನಡುವೆ ಬೀದಿಯಲ್ಲಿ ನಿಂತವರನ್ನು ಮೊದಲು ಸಂಧಿಸಿದವರು ಪೋಲೀಸರೇ.

೩

ಮೊದಲನೆಯ ವ್ಯವಸ್ಥಿತ ಪ್ರಯೋಗವನ್ನು ನಡೆಸಿದವನು ನ್ಯೂಯಾರ್ಕಿನ ಸಿಟಿ ಕಾಲೇಜಿನ ಮನಶ್ಶಾಸ್ತ್ರಜ್ಞ ಮಾರ್ಟನ್ ಬಾರ್ಡ್. ೧೯೬೭ರಲ್ಲಿ ಆರಂಭವಾಗಿ ಸುಮಾರು ಎರಡು ವರ್ಷ ನಡೆದ ಈ ಪ್ರಯೋಗಕ್ಕೆ ಕೇಂದ್ರ ಸರಕಾರದ ನ್ಯಾಯ ಇಲಾಖೆಯ ಧನಸಹಾಯವಿತ್ತು. ಪಶ್ಚಿಮ ಹಾರ್ಲೆಮ್ ಪ್ರದೇಶದ ಮೂವತ್ತನೆಯ ಠಾಣೆಯಿಂದ ಸ್ವ ಇಚ್ಛೆಯಿಂದ ಮುಂದೆ ಬಂದ ೧೮ ಮಂದಿ ಪೇದೆಗಳನ್ನು ಆರಿಸಲಾಯಿತು; ಅವರಲ್ಲಿ ಒಂಬತ್ತು ಮಂದಿ ಬಿಳಿಯರು, ಒಂಬತ್ತು ಮಂದಿ ಕರಿಯರು. ಒಂದು ತಿಂಗಳ ಕಾಲ ಒಟ್ಟು ೧೬೦ ಗಂಟೆಗಳ ಶಿಕ್ಷಣವನ್ನು ಅವರಿಗೆ ಕೊಡಲಾಯಿತು.

ಈ ಶಿಕ್ಷಣದ ಕ್ರಮವು ಗಮನಾರ್ಹವಾದುದು. ಉಪನ್ಯಾಸಗಳಿದ್ದುವಾದರೂ ಅವು ಮುಖ್ಯವಾಗಿರಲಿಲ್ಲ. ವೃತ್ತಿನಟರನ್ನು ಕರೆಸಿ ಗಂಡಹೆಂಡಿರ ಜಗಳದ ಕಿರುದೃಶ್ಯಗಳನ್ನು ಆಡಿಸುತ್ತಿದ್ದರು. ದೃಶ್ಯದ ಕೊನೆಯನ್ನು ಬರೆದಿರುತ್ತಿರಲಿಲ್ಲ. ಜಗಳವು ತಾರಕಕ್ಕೇರಿದಾಗ ಇಬ್ಬರು ಪೇದೆಗಳು ರಂಗಕ್ಕೆ ಪ್ರವೇಶಿಸಬೇಕು. ಅವರು ಆಡುವ ಮಾತಿಗೆ ತಕ್ಕಂತೆ ನಟರು ಮುಂದುವರಿಸಬೇಕು. ಒಂದೇ ದೃಶ್ಯದೊಳಕ್ಕೆ ಬೇರೆಬೇರೆ ಜೋಡಿಗಳು ಪ್ರವೇಶಿಸಿದಾಗ ಬೇರೆಬೇರೆ ಕೊನೆಗಳು ಬರುತ್ತಿದ್ದುವು. ಜಗಳದ ಕೊನೆಯು ಜಗಳವಾಡುವವರಿಂದ ಮಾತ್ರ ನಿರ್ಧಾರವಾಗುವುದಿಲ್ಲ, ಬಂದವನು ಕಾಲಿಟ್ಟ ರೀತಿಯಿಂದಲೂ ನಿರ್ಧಾರವಾಗುತ್ತದೆ ಎಂಬುದನ್ನು ಪೇದೆಗಳು ಕಣ್ಣಾರೆ ಕಂಡರು. ಕಲಹನಿರತರನ್ನು ಬೇರ್ಪಡಿಸಿ ಕೂರಿಸುವುದು, ಒಬ್ಬೊಬ್ಬರ ಮಾತನ್ನೂ ಪೂರ್ತಿಯಾಗಿ ಕೇಳುವುದು, ಒಬ್ಬರ ಪಕ್ಷವನ್ನು ವಹಿಸದಿರುವುದು, ಬೆದರಿಕೆಯನ್ನು ಬಾಯಿಗೆ ತಾರದಿರುವುದು ಇವೇ ಮುಖ್ಯ ಪಾಠಗಳಾಗಿದ್ದುವು. ಶಿಕ್ಷಣದ ಅನಂತರ ಈ ಜೋಡಿಗಳು ಸಾಮಾನ್ಯ ಗಸ್ತಿನ ಕೆಲಸವನ್ನೇ ಮಾಡುತ್ತ, ಕೌಟುಂಬಿಕ ಕಲಹದ ಕರೆ ಬಂದಾಗ ಮಾತ್ರ ಅಲ್ಲಿಗೆ ಧಾವಿಸುತ್ತಿದ್ದರು. ಪೋಲೀಸಿನವನನ್ನು ಸಮಾಜಸೇವಕನನ್ನಾಗಿ ಮಾರ್ಪಡಿಸುವುದು ಬಾರ್ಡನ ಉದ್ದೇಶವಾಗಿರಲಿಲ್ಲ. ಪೋಲೀಸಿನವನಾಗಿಯೇ ಉಳಿದು ಈ ಕೆಲಸವನ್ನು ಚೆನ್ನಾಗಿ ಮಾಡಬೇಕೆಂದು ಅವನ ಆಶಯ. ಪ್ರತಿ ವಾರವೂ ಅವರು ಮನಶ್ಶಾಸ್ತ್ರದ ವಿದ್ಯಾರ್ಥಿಗಳೊಡನೆ ಕುಳಿತು ತಾವು ಕಂಡ ಪ್ರಸಂಗಗಳನ್ನು ವಿಮರ್ಶಿಸುತ್ತಿದ್ದರು.

ಬಾರ್ಡನ ವರದಿಯು ೧೯೭೦ರಲ್ಲಿ ಪ್ರಕಟವಾಯಿತು. ಹಲವು ನಗರಗಳು ಅವನ ಮಾದರಿಯನ್ನು ಅನುಕರಿಸಿದುವು. ಆದರೆ ಇಲ್ಲಿಯೇ ಮೊದಲನೆಯ ಎಚ್ಚರಿಕೆಯೂ ಇದೆ. ಅನುಕರಿಸಿದವರಲ್ಲಿ ಅನೇಕರು ತಿಂಗಳ ಶಿಕ್ಷಣವನ್ನು ಕೆಲವು ದಿನಗಳಿಗೆ ಇಳಿಸಿದರು, ವಾರದ ವಿಮರ್ಶೆಯನ್ನು ಕೈಬಿಟ್ಟರು. ಜಗಳವನ್ನು ತಣಿಸಿ ಹೊರಟುಹೋಗುವುದೇ ಕರ್ತವ್ಯವೆಂಬ ಭಾವನೆ ಬೆಳೆಯಿತು. ಹೊಡೆತ ತಿಂದ ಹೆಂಡತಿಗೆ ಆ ರಾತ್ರಿ ಹೋಗಲು ಒಂದು ಆಶ್ರಯವಿದೆಯೇ ಎಂಬುದನ್ನು ಕೇಳುವವರಿರಲಿಲ್ಲ. ಮಹಿಳಾ ಚಳವಳಿಯವರು ಇದನ್ನು ಕಟುವಾಗಿ ಖಂಡಿಸಿದರು. ಲಾರೆನ್ಸ್ ಶೆರ್ಮನ್ ಮತ್ತು ರಿಚರ್ಡ್ ಬರ್ಕ್ ಎಂಬ ವಿದ್ವಾಂಸರು ಮಿನಿಯಾಪೊಲಿಸ್ ನಗರದಲ್ಲಿ ನಡೆಸಿ ೧೯೮೪ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, ಪೋಲೀಸ್ ದಾಖಲೆಗಳಲ್ಲಿ ಮರುಹಿಂಸೆಯ ಪ್ರಮಾಣವು ಬಂಧಿಸಿದ ಪ್ರಸಂಗಗಳಲ್ಲಿ ಶೇಕಡಾ ೧೦, ಬುದ್ಧಿವಾದ ಹೇಳಿದವುಗಳಲ್ಲಿ ೧೯, ಗಂಡನನ್ನು ಕೆಲವು ಗಂಟೆಗಳ ಕಾಲ ಹೊರಗೆ ಕಳುಹಿಸಿದವುಗಳಲ್ಲಿ ೨೪ ಆಗಿದ್ದಿತು. ಮುಂದೆ ಬೇರೆ ನಗರಗಳಲ್ಲಿ ನಡೆದ ಪ್ರಯೋಗಗಳು ಇದನ್ನು ಏಕರೂಪವಾಗಿ ಸಮರ್ಥಿಸಲಿಲ್ಲವಾದರೂ, ನೀತಿಯು ಅಷ್ಟರಲ್ಲಿ ಬಂಧನದ ಕಡೆಗೆ ತಿರುಗಿತ್ತು. ಸಾಮವೆಂಬುದು ತನ್ನಷ್ಟಕ್ಕೆ ತಾನೇ ಸದ್ಗುಣವಲ್ಲ. ರಕ್ಷಣೆಯಿಲ್ಲದ ಸಾಮವು ದುರ್ಬಲರ ಪಾಲಿಗೆ ಉಪೇಕ್ಷೆಯಾಗಿ ಪರಿಣಮಿಸುತ್ತದೆ ಎಂಬುದು ಈ ಘಟ್ಟದಿಂದ ವಿದಿತವಾಗುತ್ತದೆ.

೪

ಎರಡನೆಯ ಘಟ್ಟಕ್ಕೆ ಎರಡು ದುರಂತಗಳು ಹಿನ್ನೆಲೆಯಾಗಿವೆ. ೧೯೭೧ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಸಂಸ್ಥಾನದ ಆಟಿಕಾ ಸೆರೆಮನೆಯ ಕೈದಿಗಳು ದಂಗೆಯೆದ್ದು ಕಾವಲುಗಾರರನ್ನು ಒತ್ತೆ ಹಿಡಿದರು. ನಾಲ್ಕು ದಿನಗಳ ಮಾತುಕತೆ ಮುರಿದುಬಿದ್ದ ಮೇಲೆ ೧೩ನೆಯ ತಾರೀಖು ಸಶಸ್ತ್ರ ದಾಳಿ ನಡೆಯಿತು. ಇಡೀ ಪ್ರಕರಣದಲ್ಲಿ ಒಟ್ಟು ೪೩ ಮಂದಿ ಸತ್ತರು. ದಾಳಿಯಲ್ಲಿ ಮಡಿದ ಒತ್ತೆಯಾಳುಗಳು ಕೈದಿಗಳ ಕತ್ತಿಯಿಂದ ಸತ್ತರೆಂದು ಮೊದಲು ಸಾರಲಾಯಿತು. ಅವರು ಸರಕಾರದ ಕಡೆಯ ಗುಂಡುಗಳಿಂದಲೇ ಸತ್ತರೆಂದು ಶವಪರೀಕ್ಷೆಯು ತೋರಿಸಿತು. ಮರುವರ್ಷ, ೧೯೭೨ರ ಸೆಪ್ಟೆಂಬರ್ ೫ ಮತ್ತು ೬ರಂದು, ಮ್ಯೂನಿಕ್ ಒಲಿಂಪಿಕ್ ಕ್ರೀಡಾಕೂಟದಲ್ಲಿ ಇಸ್ರೇಲಿನ ೧೧ ಮಂದಿ ಕ್ರೀಡಾಪಟುಗಳೂ ಶಿಕ್ಷಕರೂ ಕೊಲೆಯಾದರು. ಅವರನ್ನು ಬಿಡಿಸುವ ಯತ್ನದಲ್ಲಿ ಒಬ್ಬ ಜರ್ಮನ್ ಪೋಲೀಸಿನವನೂ ಮಡಿದನು.

ಇಂಥದೇ ಘಟನೆ ತಮ್ಮಲ್ಲಿ ನಡೆದರೆ ಏನು ಮಾಡಬೇಕೆಂಬ ಪ್ರಶ್ನೆಯನ್ನು ನ್ಯೂಯಾರ್ಕ್ ಪೋಲೀಸ್ ಇಲಾಖೆಯು ಎತ್ತಿಕೊಂಡಿತು. ಉತ್ತರವನ್ನು ರೂಪಿಸಿದವರು ಇಬ್ಬರು: ಪತ್ತೇದಾರನಾಗಿದ್ದುಕೊಂಡೇ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಹಾರ್ವೇ ಶ್ಲಾಸ್‌ಬರ್ಗ್ ಮತ್ತು ಪತ್ತೇದಾರ ವಿಭಾಗದ ಅಧಿಕಾರಿ ಫ್ರ್ಯಾಂಕ್ ಬೋಲ್ಟ್ಸ್. ಅವರ ವಿಚಾರಗಳು ಇನ್ನೂ ಕರಡಿನ ರೂಪದಲ್ಲಿದ್ದಾಗಲೇ ಪರೀಕ್ಷೆಯ ಕಾಲ ಬಂದಿತು. ೧೯೭೩ರ ಜನವರಿ ೧೯ರಂದು ಬ್ರೂಕ್ಲಿನ್‌ನ ಕ್ರೀಡಾಸಾಮಗ್ರಿಯ ಅಂಗಡಿಯೊಂದಕ್ಕೆ ಬಂದೂಕುಗಳನ್ನು ದೋಚಲು ನುಗ್ಗಿದ ನಾಲ್ವರು ಸುತ್ತುವರಿಯಲ್ಪಟ್ಟು, ಒಳಗಿದ್ದವರನ್ನು ಒತ್ತೆ ಹಿಡಿದರು. ಆರಂಭದ ಗುಂಡಿನ ಕಾಳಗದಲ್ಲಿಯೇ ಒಬ್ಬ ಪೋಲೀಸಿನವನು ಹತನಾದನು. ಸಹೋದ್ಯೋಗಿಯು ಸತ್ತು ಬಿದ್ದಿರುವಾಗ ಇಲಾಖೆಯು ಪ್ರತೀಕಾರಕ್ಕೆ ಕೈಹಾಕುವುದು ಹಿಂದಿನ ರೂಢಿಯಂತೆ ಸಹಜವಾಗಿದ್ದಿತು. ಆದರೆ ಗುಂಡು ಹಾರಿಸದೆ ಕಾಯುವಂತೆ ಆಜ್ಞೆಯಾಯಿತು. ೪೭ ಗಂಟೆಗಳ ಕಾಲ ಕಾದರು. ಕೊನೆಗೆ ಒತ್ತೆಯಾಳುಗಳು ಮಹಡಿಯ ಮೇಲಿಂದ ತಪ್ಪಿಸಿಕೊಂಡರು, ಒಳಗಿದ್ದವರು ಶರಣಾದರು. ಒತ್ತೆಯಾಳುಗಳಲ್ಲಿ ಒಬ್ಬರೂ ಸಾಯಲಿಲ್ಲ.

ಅದೇ ವರ್ಷ ಒತ್ತೆಯಾಳು ಸಂಧಾನಕ್ಕೆಂದೇ ಶಿಕ್ಷಿತವಾದ ತಂಡವು ನ್ಯೂಯಾರ್ಕಿನಲ್ಲಿ ರೂಪುಗೊಂಡಿತು. ಕೇಂದ್ರ ಸರಕಾರದ ಎಫ್.ಬಿ.ಐ. ಸಂಸ್ಥೆಯೂ ಕ್ವಾಂಟಿಕೋದಲ್ಲಿ ಈ ಶಿಕ್ಷಣವನ್ನು ಆರಂಭಿಸಿತು. ಅದರ ತತ್ತ್ವಗಳು ಸರಳವಾದುವು. ಮೊದಲನೆಯದು, ಸ್ಥಳವನ್ನು ಸುತ್ತುಗಟ್ಟಿ ಅಪಾಯವು ಹರಡದಂತೆ ನೋಡಿಕೊಳ್ಳುವುದು. ಎರಡನೆಯದು, ಕಾಲವನ್ನು ತನ್ನ ಪಕ್ಷಕ್ಕೆ ತೆಗೆದುಕೊಳ್ಳುವುದು. ಏಕೆಂದರೆ ಹೊತ್ತು ಕಳೆದಂತೆ ಉದ್ರೇಕವು ಇಳಿಯುತ್ತದೆ, ಹಸಿವು ನಿದ್ರೆಗಳು ತಮ್ಮ ಹಕ್ಕನ್ನು ಕೇಳುತ್ತವೆ, ವಿವೇಕಕ್ಕೆ ಎಡೆ ದೊರೆಯುತ್ತದೆ. ಮೂರನೆಯದು, ಸಂಧಾನಕಾರನನ್ನೂ ಆಜ್ಞಾಧಿಕಾರಿಯನ್ನೂ ಬೇರೆಯಾಗಿಡುವುದು. ಮಾತನಾಡುವವನ ಕೈಯಲ್ಲಿಯೇ ಆಜ್ಞೆಯಿದ್ದರೆ ಕೇಳಿದ್ದನ್ನು ಕೊಡುವೆನೆಂದೋ ಕೊಡೆನೆಂದೋ ಆ ಕ್ಷಣವೇ ಹೇಳಬೇಕಾಗುತ್ತದೆ, ಮೇಲಿನವರನ್ನು ಕೇಳಿ ಬರುತ್ತೇನೆ ಎಂಬ ಮಾತಿಗೆ ಅವಕಾಶವಿರುವುದಿಲ್ಲ. ೧೯೭೫ರಲ್ಲಿ ಲಂಡನ್ ಪೋಲೀಸರು ಸ್ಪ್ಯಾಗೆಟಿ ಹೌಸ್ ಮತ್ತು ಬಾಲ್ಕೂಂಬ್ ಬೀದಿಯ ಎರಡು ಮುತ್ತಿಗೆಗಳನ್ನು, ಸುಮಾರು ಆರಾರು ದಿನಗಳ ತಾಳ್ಮೆಯಿಂದ, ಒತ್ತೆಯಾಳುಗಳ ಪ್ರಾಣಹಾನಿಯಿಲ್ಲದೆ ಮುಗಿಸಿದರು.

ಈ ತತ್ತ್ವಗಳನ್ನು ಬಲ್ಲವರೇ ಅವನ್ನು ಮೀರಿದಾಗ ಏನಾಯಿತೆಂಬುದನ್ನೂ ಇಲ್ಲಿ ಹೇಳಬೇಕು. ೧೯೯೩ರಲ್ಲಿ ಟೆಕ್ಸಾಸಿನ ವೇಕೋ ಬಳಿ ಒಂದು ಧಾರ್ಮಿಕ ಪಂಗಡದವರ ನಿವಾಸಕ್ಕೆ ೫೧ ದಿನಗಳ ಮುತ್ತಿಗೆ ನಡೆಯಿತು. ಸಂಧಾನಕಾರರು ಮೊದಲ ಕೆಲವು ವಾರಗಳಲ್ಲಿ ೩೫ ಮಂದಿಯನ್ನು ಹೊರಕ್ಕೆ ತಂದರು; ಅವರಲ್ಲಿ ೨೧ ಮಂದಿ ಮಕ್ಕಳು. ಆದರೆ ಅವರು ವಿಶ್ವಾಸವನ್ನು ಗಳಿಸುತ್ತಿದ್ದಂತೆಯೇ ಸಶಸ್ತ್ರ ದಳದವರು ವಿದ್ಯುತ್ತನ್ನು ಕಡಿದು, ರಾತ್ರಿಯೆಲ್ಲ ಕರ್ಕಶ ಧ್ವನಿಗಳನ್ನು ಹಾಕಿ ಒಳಗಿನವರನ್ನು ಪೀಡಿಸಿದರು. ಏಪ್ರಿಲ್ ೧೯ರ ಕೊನೆಯ ದಿನ ಅಶ್ರುವಾಯುಪ್ರಯೋಗ ನಡೆದು, ಬೆಂಕಿ ಹೊತ್ತಿಕೊಂಡು, ೭೬ ಮಂದಿ ಸತ್ತರು. ವಿದ್ಯೆಯ ಕೊರತೆಯಿಂದ ಒದಗಿದ ವಿಪತ್ತು ಇದಲ್ಲ. ವಿದ್ಯೆಗೆ ಇಲಾಖೆಯಲ್ಲಿ ಸ್ಥಾನವಿಲ್ಲದುದರಿಂದ ಒದಗಿದುದು.

೫

ಮೂರನೆಯ ಘಟ್ಟವು ಇವೆರಡಕ್ಕಿಂತ ಸಾಮಾನ್ಯವಾದ, ಆದಕಾರಣ ಹೆಚ್ಚು ವ್ಯಾಪಕವಾದ ಪ್ರಸಂಗಕ್ಕೆ ಸಂಬಂಧಿಸಿದುದು. ೧೯೮೭ರ ಸೆಪ್ಟೆಂಬರಿನಲ್ಲಿ ಮೆಂಫಿಸ್ ನಗರದ ಸರಕಾರಿ ವಸತಿಯೊಂದರಿಂದ ಒಬ್ಬ ತಾಯಿ ಪೋಲೀಸರನ್ನು ಕರೆದಳು. ಮಾನಸಿಕ ಅಸ್ವಸ್ಥನಾಗಿದ್ದ ಅವಳ ೨೭ ವರ್ಷದ ಮಗನು ಚಾಕುವಿನಿಂದ ತನ್ನನ್ನು ತಾನೇ ಇರಿದುಕೊಳ್ಳುತ್ತಿದ್ದನು. ಬಂದ ಅಧಿಕಾರಿಗಳು ಚಾಕುವನ್ನು ಕೆಳಗೆ ಹಾಕುವಂತೆ ಆಜ್ಞಾಪಿಸಿದರು. ಅವನು ಕೇಳದೆ ಅವರತ್ತ ಬಂದಾಗ ಅನೇಕ ಗುಂಡುಗಳನ್ನು ಹಾರಿಸಿದರು. ಮಗನನ್ನು ಉಳಿಸಿಕೊಳ್ಳಲೆಂದು ತಾಯಿ ಮಾಡಿದ ಕರೆಯೇ ಅವನ ಮರಣಕ್ಕೆ ಕಾರಣವಾಯಿತು. ಸತ್ತವನು ಕರಿಯ, ಗುಂಡು ಹಾರಿಸಿದವರು ಬಿಳಿಯರು. ನಗರದಲ್ಲಿ ಉಂಟಾದ ಕ್ಷೋಭೆಯನ್ನು ವಿವರಿಸಬೇಕಾಗಿಲ್ಲ.

ಆ ಅಧಿಕಾರಿಗಳು ನಿಯಮಕ್ಕೆ ವಿರುದ್ಧವಾಗಿ ನಡೆದರೇ ಎಂಬ ಪ್ರಶ್ನೆಗಿಂತ, ಅವರಿಗೆ ಆ ನಿಯಮವನ್ನು ಬಿಟ್ಟರೆ ಬೇರೇನು ಕಲಿಸಲಾಗಿತ್ತು ಎಂಬ ಪ್ರಶ್ನೆಯೇ ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದುದು. ಆಯುಧ ಹಿಡಿದವನಿಗೆ ಗಟ್ಟಿಯಾಗಿ, ಸ್ಪಷ್ಟವಾಗಿ ಆಜ್ಞೆ ಕೊಡಬೇಕು. ಕೇಳದಿದ್ದರೆ ಬಲವನ್ನು ಹೆಚ್ಚಿಸಬೇಕು ಎಂಬುದೇ ಅವರ ಶಿಕ್ಷಣ. ಆಜ್ಞೆಯು ಕಿವಿಗೆ ಬಿದ್ದರೂ ಬುದ್ಧಿಗೆ ತಲುಪದ ಸ್ಥಿತಿಯಲ್ಲಿರುವವನ ಮುಂದೆ ಈ ಶಿಕ್ಷಣವು ಒಂದೇ ದಿಕ್ಕಿಗೆ ಕೊಂಡೊಯ್ಯುತ್ತದೆ.

ನಗರದ ಮೇಯರನು ಪೋಲೀಸರನ್ನೂ, ರೋಗಿಗಳ ಕುಟುಂಬದವರು ೧೯೭೯ರಲ್ಲಿ ರಾಷ್ಟ್ರಮಟ್ಟದಲ್ಲಿ ಸ್ಥಾಪಿಸಿಕೊಂಡಿದ್ದ ಸಂಘದ ಸ್ಥಳೀಯ ಶಾಖೆಯನ್ನೂ, ಮೆಂಫಿಸ್ ಮತ್ತು ಟೆನೆಸ್ಸೀ ವಿಶ್ವವಿದ್ಯಾನಿಲಯಗಳ ಪ್ರಾಧ್ಯಾಪಕರನ್ನೂ ಒಂದೆಡೆ ಸೇರಿಸಿದನು. ಈ ಸಮಾಲೋಚನೆಯಿಂದ ೧೯೮೮ರಲ್ಲಿ ಬಿಕ್ಕಟ್ಟು ಮಧ್ಯಪ್ರವೇಶ ತಂಡವು ಹುಟ್ಟಿತು. ಪೋಲೀಸ್ ಅಧಿಕಾರಿ ಸ್ಯಾಮ್ ಕಾಕ್ರನ್ ಮತ್ತು ಮನಶ್ಶಾಸ್ತ್ರಜ್ಞ ರ‍್ಯಾಂಡಾಲ್ಫ್ ಡುಪಾಂಟ್ ಇದರ ಮುಖ್ಯ ಶಿಲ್ಪಿಗಳು. ಗಸ್ತಿನ ಅಧಿಕಾರಿಗಳಲ್ಲಿ ಸ್ವ ಇಚ್ಛೆಯಿಂದ ಬಂದವರನ್ನು ಪರಿಶೀಲಿಸಿ ಆರಿಸಿ, ೪೦ ಗಂಟೆಗಳ ಶಿಕ್ಷಣವನ್ನು ಕೊಡಲಾಯಿತು. ರೋಗಲಕ್ಷಣಗಳು, ಔಷಧಿಗಳು, ಕಾನೂನು, ಉದ್ರೇಕವನ್ನು ಇಳಿಸುವ ಮಾತಿನ ಅಭ್ಯಾಸ ಇವು ಅದರ ಅಂಗಗಳು. ರೋಗಿಗಳನ್ನೂ ಅವರ ಮನೆಯವರನ್ನೂ ಬಿಕ್ಕಟ್ಟಿಲ್ಲದ ವೇಳೆಯಲ್ಲಿ ಸಂಧಿಸಿ ಮಾತನಾಡುವುದು ಇದರ ವೈಶಿಷ್ಟ್ಯ. ಉಪಾಧ್ಯಾಯರು ವೇತನವಿಲ್ಲದೆ ಕಲಿಸಿದರು. ದೂರವಾಣಿ ಕರೆಗಳನ್ನು ತೆಗೆದುಕೊಳ್ಳುವವರಿಗೂ, ಇಂಥ ಕರೆಗಳನ್ನು ಗುರುತಿಸಿ ಶಿಕ್ಷಿತ ಅಧಿಕಾರಿಗೇ ತಲುಪಿಸುವಂತೆ ಶಿಕ್ಷಣ ದೊರೆಯಿತು.

ಮೇಲ್ನೋಟಕ್ಕೆ ಇದರಲ್ಲಿ ಹೊಸದೇನೂ ಇಲ್ಲವೆಂದು ಓದುಗರು ಆಕ್ಷೇಪಿಸಬಹುದು. ಆ ಆಕ್ಷೇಪಣೆ ಸರಿಯಾದುದೇ. ಬಾರ್ಡನು ಇಪ್ಪತ್ತು ವರ್ಷಗಳ ಹಿಂದೆ ಇದರ ನಾಲ್ಕರಷ್ಟು ಗಂಟೆಗಳ ಶಿಕ್ಷಣವನ್ನು ಕೊಟ್ಟಿದ್ದನು. ಶ್ಲಾಸ್‌ಬರ್ಗನು ಕಾಲದ ಮಹತ್ತ್ವವನ್ನು ತೋರಿಸಿದ್ದನು. ಮೆಂಫಿಸ್‌ನ ಹೊಸತನವು ಪಾಠಶಾಲೆಯ ಹೊರಗಿತ್ತು. ನಗರದ ಸಾರ್ವಜನಿಕ ವೈದ್ಯಕೇಂದ್ರದ ಮನೋವೈದ್ಯ ತುರ್ತುಘಟಕವು, ಈ ತಂಡದವರು ಕರೆತಂದ ಯಾರನ್ನೂ ತಿರಸ್ಕರಿಸದೆ, ಹಗಲಾಗಲಿ ಇರುಳಾಗಲಿ ಒಳಕ್ಕೆ ಸೇರಿಸಿಕೊಳ್ಳಲು ಒಪ್ಪಿಕೊಂಡಿತು. ಹಿಂದೆ ಅಧಿಕಾರಿಯು ಅಸ್ವಸ್ಥನೊಬ್ಬನನ್ನು ಕರೆದುಕೊಂಡು ಆಸ್ಪತ್ರೆಯಲ್ಲಿ ಗಂಟೆಗಟ್ಟಲೆ ಕಾಯಬೇಕಾಗಿದ್ದಿತು. ಕುಡಿದಿದ್ದಾನೆ, ಹಾಸಿಗೆಯಿಲ್ಲ, ವಿಮೆಯಿಲ್ಲ ಎಂಬ ಕಾರಣಗಳಿಂದ ಹಿಂದಿರುಗಬೇಕಾಗುತ್ತಿತ್ತು. ಸೆರೆಮನೆಯಾದರೋ ಯಾರನ್ನೂ ಬೇಡವೆನ್ನದು. ಆದುದರಿಂದ ಕರುಣೆಯುಳ್ಳ ಅಧಿಕಾರಿಯೂ ಕ್ಷುಲ್ಲಕ ಅಪರಾಧವೊಂದನ್ನು ಹೊರಿಸಿ, ಕನಿಷ್ಠಪಕ್ಷ ಒಂದು ಸೂರು ಸಿಗಲೆಂದು, ಅವನನ್ನು ಸೆರೆಗೆ ಕಳುಹಿಸುತ್ತಿದ್ದನು. ಹೊಸ ಒಪ್ಪಂದದಿಂದ ಆಸ್ಪತ್ರೆಯ ಬಾಗಿಲು ಸೆರೆಯ ಬಾಗಿಲಿಗಿಂತ ಸುಲಭವಾಯಿತು. ಅಧಿಕಾರಿಯು ಕೆಲವು ನಿಮಿಷಗಳಲ್ಲಿ ಗಸ್ತಿಗೆ ಮರಳಬಹುದಾಯಿತು.

೬

ನಮ್ಮ ಈ ವ್ಯಾಖ್ಯಾನಕ್ಕೆ ಆಧಾರವೇನು? ಹೆನ್ರಿ ಸ್ಟೆಡ್ಮನ್ ಮತ್ತು ಸಹೋದ್ಯೋಗಿಗಳು ೨೦೦೦ದಲ್ಲಿ ಪ್ರಕಟಿಸಿದ ಅಧ್ಯಯನವು ಮೂರು ನಗರಗಳನ್ನು ಹೋಲಿಸುತ್ತದೆ. ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ ಪೋಲೀಸ್ ಇಲಾಖೆಯಲ್ಲಿಯೇ ಸಮಾಜಸೇವಕರಿದ್ದರು; ಟೆನೆಸ್ಸೀಯ ನಾಕ್ಸ್‌ವಿಲ್‌ನಲ್ಲಿ ಮಾನಸಿಕ ಆರೋಗ್ಯ ಕೇಂದ್ರದ ಸಂಚಾರಿ ತಂಡವಿದ್ದಿತು; ಮೆಂಫಿಸ್‌ನಲ್ಲಿ ಶಿಕ್ಷಿತ ಪೋಲೀಸರಿದ್ದರು. ಪರಿಶೀ‌ಲಿಸಿದ ಪ್ರಸಂಗಗಳ ಪೈಕಿ ತಜ್ಞರು ಸ್ಥಳಕ್ಕೆ ಬಂದವುಗಳು ಕ್ರಮವಾಗಿ ಶೇಕಡಾ ೨೮, ೪೦ ಮತ್ತು ೯೫. ಬಂಧನದಲ್ಲಿ ಕೊನೆಗೊಂಡವು ೧೩, ೫ ಮತ್ತು ೨. ಮೆಂಫಿಸ್‌ನಲ್ಲಿ ಶೇಕಡಾ ೭೫ರಷ್ಟು ಪ್ರಸಂಗಗಳಲ್ಲಿ ರೋಗಿಯನ್ನು ಚಿಕಿತ್ಸೆಯ ಸ್ಥಳಕ್ಕೆ ಒಯ್ಯಲಾಯಿತು. ಚಿಕಿತ್ಸೆಯ ಸ್ಥಳವೊಂದು ಸದಾ ತೆರೆದಿದ್ದಲ್ಲದೆ ಈ ಕೊನೆಯ ಅಂಕಿಯು ಸಾಧ್ಯವಾಗುತ್ತಿರಲಿಲ್ಲ. ಮರುವರ್ಷ ಇದೇ ವಿದ್ವಾಂಸರು ಬರೆದ ಇನ್ನೊಂದು ಲೇಖನವು ಅಂಥ ಸ್ಥಳವನ್ನು ಇಡೀ ವ್ಯವಸ್ಥೆಯ ಮೂಲಾಂಗವೆಂದೇ ಪರಿಗಣಿಸಿತು.

ಮೆಂಫಿಸ್ ಮಾದರಿಯು ಪೋರ್ಟ್‌ಲೆಂಡ್, ಆಲ್ಬುಕರ್ಕಿ ಮುಂತಾದ ನಗರಗಳಿಗೂ ಅನಂತರ ಎರಡು ಸಾವಿರಕ್ಕೂ ಮಿಕ್ಕಿದ ಊರುಗಳಿಗೂ ಹರಡಿತು. ಆದರೆ ಬಾರ್ಡನ ಮಾದರಿಗೆ ಆದ ಗತಿಯೇ ಇದಕ್ಕೂ ಹಲವೆಡೆ ಒದಗಿತು. ೪೦ ಗಂಟೆಗಳ ಪಾಠವನ್ನು ಎಲ್ಲಿಗೆ ಬೇಕಾದರೂ ಸಾಗಿಸಬಹುದು; ತುರ್ತುಘಟಕವನ್ನು ಹಾಗೆ ಸಾಗಿಸಲಾಗದು. ಪಾಠಕ್ಕೆ ಕೆಲವು ದಿನಗಳ ಸಂಬಳ ಸಾಕು; ಘಟಕಕ್ಕೆ ಕಟ್ಟಡ, ಹಾಸಿಗೆ, ದಾದಿಯರು, ವೈದ್ಯರು, ಪ್ರತಿ ವರ್ಷದ ಅನುದಾನ ಬೇಕು. ಅನೇಕ ನಗರಗಳು ಅಗ್ಗವಾದುದನ್ನು ಮಾತ್ರ ಕೊಂಡುವು. ಈ ಶಿಕ್ಷಣವನ್ನು ಕುರಿತ ಸಂಶೋಧನೆಗಳನ್ನೆಲ್ಲ ೨೦೧೯ರಲ್ಲಿ ವಿಮರ್ಶಿಸಿದ ಲೇಖನವೊಂದು, ಶಿಕ್ಷಿತರ ತೃಪ್ತಿಯೂ ಆತ್ಮವಿಶ್ವಾಸವೂ ಹೆಚ್ಚಿದುವೆಂದೂ, ಬಂಧನ, ಗಾಯ, ಮರಣಗಳು ಕಡಿಮೆಯಾದುವೆಂಬುದಕ್ಕೆ ಮಾತ್ರ ಸಾಕಷ್ಟು ಪ್ರಮಾಣವಿಲ್ಲವೆಂದೂ ತೀರ್ಮಾನಿಸಿತು. ಇದನ್ನು ಓದಿ ಶಿಕ್ಷಣವೇ ವ್ಯರ್ಥವೆಂದು ಹೇಳುವವರಿದ್ದಾರೆ. ನಾವು ಹಾಗೆ ಹೇಳಲಾರೆವು. ಬಾಗಿಲಿಲ್ಲದ ಊರುಗಳನ್ನೂ ಬಾಗಿಲಿರುವ ಊರುಗಳನ್ನೂ ಕೂಡಿಸಿ ಸರಾಸರಿ ತೆಗೆದರೆ ಇಂಥ ಉತ್ತರ ಬರುವುದು ಸ್ವಾಭಾವಿಕ.

ಪೋಲೀಸರನ್ನೇ ಬಿಟ್ಟು ಬೇರೆಯವರನ್ನು ಕಳುಹಿಸುವುದು ಉಚಿತವೆಂಬ ವಾದವೂ ಇದೆ. ಆರೆಗಾನಿನ ಯೂಜೀನ್ ನಗರದಲ್ಲಿ ೧೯೮೯ರಿಂದ ಒಬ್ಬ ವೈದ್ಯಕೀಯ ಸಹಾಯಕನೂ ಒಬ್ಬ ಸಮಾಜಸೇವಕನೂ ನಿಶ್ಶಸ್ತ್ರರಾಗಿ ಇಂಥ ಕರೆಗಳಿಗೆ ಹೋಗುತ್ತಿದ್ದರು. ಮೂವತ್ತೈದು ವರ್ಷಗಳ ಕಾಲ ನಡೆದು, ದೇಶಕ್ಕೆಲ್ಲ ಮಾದರಿಯೆನಿಸಿಕೊಂಡ ಈ ಸೇವೆಯು ಹಣದ ಮುಗ್ಗಟ್ಟಿನಿಂದ ೨೦೨೫ರ ಏಪ್ರಿಲಿನಲ್ಲಿ ಆ ನಗರದಲ್ಲಿ ನಿಂತುಹೋಯಿತು. ಹೋಗುವವನು ಯಾರೇ ಆಗಲಿ, ಅವನ ಹಿಂದಿರುವ ಸಂಸ್ಥೆಯು ಕುಸಿದರೆ ಅವನ ಮಾತು ನಿಲ್ಲದೆಂಬುದಕ್ಕೆ ಇದೂ ಒಂದು ನಿದರ್ಶನ.

೭

ಈ ದೃಷ್ಟಿಯಿಂದ ನಮ್ಮ ದೇಶದ ಶಾಸನಗಳ ಮೂರು ಮೆಟ್ಟಲುಗಳನ್ನು ನೋಡುವುದು ಪ್ರಯೋಜನಕರ. ಬ್ರಿಟಿಷ್ ಇಂಡಿಯದ ೧೯೧೨ರ ಶಾಸನವು ಅಲೆದಾಡುವ ಬುದ್ಧಿಭ್ರಮಣೆಯವರನ್ನು ಬಂಧಿಸಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಅಧಿಕಾರವನ್ನು ಠಾಣಾಧಿಕಾರಿಗೆ ಕೊಟ್ಟಿತು. ೧೯೮೭ರ ಶಾಸನವು ಬಂಧನವೆಂಬುದರ ಬದಲು ರಕ್ಷಣೆಯೆಂಬ ಪದವನ್ನು ಬಳಸಿತಾದರೂ, ದಾರಿ ಮ್ಯಾಜಿಸ್ಟ್ರೇಟರ ಕಡೆಗೇ ಹೋಗುತ್ತಿತ್ತು. ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಶಾಸನದ ನೂರನೆಯ ಪ್ರಕರಣವು ಈ ದಾರಿಯನ್ನು ತಿರುಗಿಸಿತು. ಅಂಥವನನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಸಮೀಪದ ಸಾರ್ವಜನಿಕ ಆರೋಗ್ಯ ಸಂಸ್ಥೆಗೆ ಒಯ್ಯಬೇಕು. ಠಾಣೆಯ ಲಾಕಪ್ಪಿನಲ್ಲಾಗಲಿ ಸೆರೆಮನೆಯಲ್ಲಾಗಲಿ ಇಡಕೂಡದು. ಅದೇ ಶಾಸನದ ಮೂವತ್ತನೆಯ ಪ್ರಕರಣವು ಪೋಲೀಸ್ ಅಧಿಕಾರಿಗಳಿಗೆ ಕಾಲಕಾಲಕ್ಕೆ ಶಿಕ್ಷಣ ಕೊಡಬೇಕೆಂದು ಸರಕಾರಗಳಿಗೆ ವಿಧಿಸುತ್ತದೆ. ನೂರಹದಿನೈದನೆಯದು ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದು ಭಾವಿಸತಕ್ಕದ್ದೆಂದು ಹೇಳುತ್ತದೆ. ೧೯೧೨ರಿಂದ ೨೦೧೭ರವರೆಗಿನ ಈ ಪ್ರಯಾಣವು, ಮೆಂಫಿಸ್ ಒಂದು ಒಪ್ಪಂದದಿಂದ ಸಾಧಿಸಿದ್ದನ್ನು ಕಾನೂನಿನಿಂದ ಸಾಧಿಸಲು ನಡೆದ ಪ್ರಯತ್ನವೆಂದು ನಾವು ಭಾವಿಸುತ್ತೇವೆ.

ಆದರೆ ಶಾಸನದಲ್ಲಿ ಬರೆದ ಬಾಗಿಲು ಊರಿನಲ್ಲಿ ತೆರೆದಿದೆಯೇ? ಬೆಂಗಳೂರಿನ ಮಟ್ಟಿಗೆ ಉತ್ತರ ಕಷ್ಟವಲ್ಲ. ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಯೂ ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಸಂಸ್ಥೆಯೂ ೧೯೭೪ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಗಿ ನಿಂತಿವೆ. ದೂರದ ತಾಲ್ಲೂಕಿನ ಠಾಣೆಗೆ ಇದರಿಂದ ಏನು ಪ್ರಯೋಜನವೆಂಬ ಪ್ರಶ್ನೆಯನ್ನು ಆ ಸಂಸ್ಥೆಯವರೇ ಎತ್ತಿ, ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಚಿಕಿತ್ಸೆ ಒದಗಿಸುವ ಪ್ರಯೋಗವನ್ನು ನಡೆಸಿದರು. ೧೯೯೬ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಬಾಗಿಲನ್ನು ಊರಿನ ಹತ್ತಿರಕ್ಕೆ ತರುವ ವಿಚಾರವು ನಮ್ಮ ನಾಡಿಗೆ ಹೊಸದೇನಲ್ಲ ಎಂಬುದು ಇದರಿಂದ ಸ್ಪಷ್ಟ.

೮

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳನ್ನು ನಿಷ್ಕರ್ಷಿಸಬಹುದು. ಮೊದಲನೆಯದಾಗಿ, ಪೋಲೀಸರಿಗೆ ಮಾತಿನ ಶಿಕ್ಷಣವನ್ನು ಕೊಡಬೇಕೆಂಬ ವಿಚಾರವು ಆಟಿಕಾ, ಮ್ಯೂನಿಕ್, ಮೆಂಫಿಸ್‌ಗಳಲ್ಲಿ ಮರಣಗಳ ಬೆನ್ನಿಗೇ ಬಲ ಪಡೆಯಿತು. ಬಾರ್ಡನೊಬ್ಬನೇ ದುರಂತಕ್ಕೆ ಮುಂಚೆ ಯೋಚಿಸಿದವನು, ಅವನ ತಂಡವೇ ಎಲ್ಲಕ್ಕಿಂತ ಅಲ್ಪಾಯುವಾದುದು. ಎರಡನೆಯದಾಗಿ, ಮಾತಿನ ವಿದ್ಯೆಯು ಕಲಿಸಲು ಬರುವಂಥದು, ಅದರ ತತ್ತ್ವಗಳು ಅರ್ಧ ಶತಮಾನದಿಂದಲೂ ತಿಳಿದಿವೆ. ಮೂರನೆಯದಾಗಿ, ಆ ಮಾತಿನಲ್ಲಿ ಒಂದು ವಾಗ್ದಾನ ಅಡಗಿರುತ್ತದೆ. ಚಾಕುವನ್ನು ಕೆಳಗಿಡು, ನಿನಗೆ ನೆರವು ದೊರೆಯುತ್ತದೆ ಎಂದು ಅಧಿಕಾರಿಯು ಹೇಳುವಾಗ ಅವನು ರಾಜ್ಯದ ಪರವಾಗಿ ಮಾತು ಕೊಡುತ್ತಿದ್ದಾನೆ. ಆ ಮಾತನ್ನು ನಡೆಸಿಕೊಡುವ ಸಂಸ್ಥೆಯಿಲ್ಲದಿದ್ದರೆ ಅಧಿಕಾರಿಗೆ ಕಲಿಸಿದುದು ವಂಚನೆಯ ವಿದ್ಯೆಯಾಗುತ್ತದೆ; ಎರಡನೆಯ ಸಲ ಅದೇ ಮನುಷ್ಯನು ಅದನ್ನು ನಂಬಲಾರನು.

ಈ ವಿಷಯದಲ್ಲಿ ಕರ್ನಾಟಕದ ಚರಿತ್ರೆಯನ್ನು ಬರೆಯಬೇಕಾದವರಿಗೆ ಆಕರಗಳು ಠಾಣೆಗಳಲ್ಲಿಯೇ ಇವೆ. ಪ್ರತಿಯೊಂದು ಠಾಣೆಯ ದಿನಚರಿ ಪುಸ್ತಕದಲ್ಲಿ, ಕಳವು ದೊಂಬಿಗಳ ನಡುವೆ, ಅಲೆಯುತ್ತಿದ್ದವನನ್ನು ಎಲ್ಲಿಗೆ ಒಯ್ದರು, ಬಾವಿಯ ಕಟ್ಟೆಯ ಮೇಲೆ ನಿಂತವಳನ್ನು ಯಾರು ಮಾತನಾಡಿಸಿದರು, ಆ ಮೇಲೆ ಅವಳು ಎಲ್ಲಿಗೆ ಹೋದಳು ಎಂಬ ಒಂದೆರಡು ಸಾಲುಗಳ ದಾಖಲೆಗಳು ದೊರೆಯಬಹುದು. ಹೆಸರುಗಳನ್ನು ಮರೆಮಾಡಿ, ಅನುಮತಿ ಪಡೆದು, ಒಂದು ಜಿಲ್ಲೆಯ ಹತ್ತು ವರ್ಷಗಳ ದಿನಚರಿಗಳನ್ನು ಕ್ರಮವಾಗಿ ಓದಿದರೆ, ೨೦೧೭ರ ಶಾಸನದ ಹಿಂದೆ ಮತ್ತು ಮುಂದೆ ಆ ಕೊನೆಯ ಪ್ರಶ್ನೆಗೆ ಯಾವ ಉತ್ತರಗಳು ದೊರೆಯುತ್ತಿದ್ದುವೆಂಬುದು ಗೊತ್ತಾಗುತ್ತದೆ. ನಮ್ಮ ವಿಭಾಗದ ಸಂಶೋಧನ ವಿದ್ಯಾರ್ಥಿಗಳು ಈ ಕಾರ್ಯವನ್ನು ಕೈಗೊಳ್ಳುವರೆಂದು ಆಶಿಸುತ್ತೇವೆ.